ಪಿವಿಪಿಯಲ್ಲಿ (ಆಟಗಾರರೇ ಎದುರುಬದುರಾಗೋ ಕಾಳಗದಲ್ಲಿ) ಟ್ಯಾಂಕ್ ಒಂದೋ ಸಾಯಲ್ಲ, ಇಲ್ಲಾ ಯಾರಿಗೂ ಬೇಡ. ಸರಿ ಮಾಡೋದು ಹೇಗೆ?

ಪ್ರಶ್ನೆ: ನಾವು ಸಣ್ಣ ಟೀಮ್, ಒಂದು ಆನ್‌ಲೈನ್ ಆರ್‌ಪಿಜಿ (ಪಾತ್ರ ಹೊತ್ತು ಆಡೋ ಗೇಮ್) ಮಾಡ್ತಾ ಇದೀವಿ. ಮೂರು ಟ್ಯಾಂಕ್ ಸ್ಪೆಕ್ ಇದೆ, ಅಂದ್ರೆ ಏಟು ತಿಂದು ಟೀಮನ್ನ ಕಾಯೋ ಪಾತ್ರದ ಮೂರು ಬಗೆ. ಒಂದು ಗುರಾಣಿ ಹಿಡಿಯೋದು, ಒಂದು ಹೊಡೀತಾ ಹೊಡೀತಾ ತನ್ನನ್ನ ತಾನೇ ಹೀಲ್ ಮಾಡ್ಕೊಳ್ಳೋದು, ಇನ್ನೊಂದು ಬಿದ್ದ ಡ್ಯಾಮೇಜನ್ನ ಮುಂದಕ್ಕೆ ತಳ್ಳಿ ನಿಧಾನವಾಗಿ ತಗೊಳ್ಳೋದು. ಬಾಸ್ ಫೈಟಲ್ಲಿ ಮೂರೂ ಚೆನ್ನಾಗಿವೆ. ಪಿವಿಪಿ ನಡೆಯೋ ಅರೀನಾಗೆ ಬಂದ್ರೆ ಹೀಲಿಂಗ್ ಸ್ವಲ್ಪ ಜಾಸ್ತಿ ಮಾಡಿದ್ರೆ ಸಾಯೋದೇ ಇಲ್ಲ, ಸ್ವಲ್ಪ ಕಮ್ಮಿ ಮಾಡಿದ್ರೆ ಯಾರೂ ಆಡಲ್ಲ. ಡ್ಯಾಮೇಜ್ ಜಾಸ್ತಿ ಕೊಟ್ಟು ನೋಡಿದ್ವಿ, ಆಗ ಎಲ್ರೂ ಟ್ಯಾಂಕೇ ಆಗ್ಬಿಟ್ರು. ಎಲ್ಲಿ ಎಡವ್ತಾ ಇದೀವಿ?

ಉತ್ತರ: ಸ್ವಲ್ಪ ಜಾಸ್ತಿ ಮಾಡಿದ್ರೆ ಸಾಯಲ್ಲ, ಸ್ವಲ್ಪ ಕಮ್ಮಿ ಮಾಡಿದ್ರೆ ಯಾರೂ ಆಡಲ್ಲ ಅಂದ್ರಲ್ಲ, ಅದ್ರಲ್ಲೇ ವಿಷಯ ಇದೆ. ನೀವು ಹುಡುಕ್ತಾ ಇರೋ ಜಾಗದಲ್ಲಿ ಸರಿಯಾದ ನಂಬರ್ ಇಲ್ಲ, ಇನ್ನು ಎಷ್ಟು ಪ್ಯಾಚ್ ಬಿಟ್ರೂ ಸಿಗಲ್ಲ. ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ.

ನಿಮ್ಮ ಟ್ಯಾಂಕ್‌ಗೆ 1,00,000 ಎಚ್‌ಪಿ (ಜೀವದ ಅಂಕ) ಇದೆ, ಬೀಳೋ ಡ್ಯಾಮೇಜಲ್ಲಿ 40% ಕಮ್ಮಿ ಆಗತ್ತೆ ಅಂತ ಇಟ್ಕೊಳ್ಳಿ. ಇಬ್ಬರು ಸೇರಿ ಹೊಡೀತಾ ಇದಾರೆ, ಒಬ್ಬೊಬ್ಬರದ್ದು ಸೆಕೆಂಡಿಗೆ 6,000, ಒಟ್ಟು 12,000. ಅದ್ರಲ್ಲಿ ಮೈಗೆ ತಾಗೋದು 7,200. ಹೀಲಿಂಗೇ ಇಲ್ಲ ಅಂದ್ರೆ ಅವನು ಹೆಚ್ಚು ಕಮ್ಮಿ 14 ಸೆಕೆಂಡ್ ಬದುಕ್ತಾನೆ. ಈಗ ಆ 40% ಅನ್ನ 45% ಮಾಡಿ, 15 ಸೆಕೆಂಡ್ ಆಗತ್ತೆ, ಅಷ್ಟೇ, ಯಾರಿಗೂ ಗೊತ್ತೂ ಆಗಲ್ಲ. ಆದ್ರೆ ಅದೇ ಟ್ಯಾಂಕ್‌ಗೆ ಸೆಕೆಂಡಿಗೆ 6,500 ಹೀಲಿಂಗ್ ಇದೆ ಅನ್ಕೊಳ್ಳಿ, ಅವನದ್ದೋ ಹೀಲರ್‌ದ್ದೋ ಯಾರದ್ದಾದ್ರೂ ಸರಿ. ಈಗ ಸೆಕೆಂಡಿಗೆ ನಿಜವಾಗಿ ಇಳಿಯೋದು ಬರೀ 700, ಸಾಯೋಕೆ 143 ಸೆಕೆಂಡ್. ಇಲ್ಲಿ 40% ಅನ್ನ 45% ಮಾಡಿದ್ರೆ ತಾಗೋದು 6,600 ಆಗತ್ತೆ, ಇಳಿಯೋದು ಸೆಕೆಂಡಿಗೆ 100, ಸಾಯೋಕೆ 1,000 ಸೆಕೆಂಡ್! ಅಂದ್ರೆ ಹದಿನಾರು ನಿಮಿಷಕ್ಕೂ ಜಾಸ್ತಿ. ಮಾಡಿದ ಬದಲಾವಣೆ ಒಂದೇ, ಒಂದು ಕಡೆ ಬರೀ ಒಂದು ಸೆಕೆಂಡ್ ವ್ಯತ್ಯಾಸ, ಇನ್ನೊಂದು ಕಡೆ ಹದಿನಾಲ್ಕು ನಿಮಿಷದ ವ್ಯತ್ಯಾಸ.

ಒಳಗೆ ಬರೋ ಡ್ಯಾಮೇಜೂ ಹೀಲಿಂಗೂ ಹತ್ತತ್ರ ಸಮ ಆಗೋ ಜಾಗದಲ್ಲಿ ಯಾವಾಗ್ಲೂ ಹೀಗೇ ಆಗತ್ತೆ. ನೀವು ನೂರಕ್ಕೆ ಐದು, ನೂರಕ್ಕೆ ಎಂಟು ಅಂತ ಸಣ್ಣಸಣ್ಣದಾಗಿ ತಿರುಗಿಸ್ತಾ ಇದೀರಿ, ಆಟಗಾರರಿಗೆ ಮಾತ್ರ ಅದು ಒಂದು ವಾರ ಅಮರ, ಮುಂದಿನ ವಾರ ವೇಸ್ಟ್ ಅಂತ ಕಾಣ್ತಾ ಇದೆ. ಹಾಗಾಗಿ ಮೊದಲನೇ ಕೆಲಸ, ಪಿವಿಪಿಯಲ್ಲಿ ಟ್ಯಾಂಕ್‌ನ ಸತತವಾಗಿ ಹರಿಯೋ ಹೀಲಿಂಗನ್ನ ಈ ಅಂಚಿಂದ ದೂರ ಎಳೀರಿ. ಅಂದ್ರೆ ಇಬ್ಬರು ಹೊಡೆದಾಗ ತಾಗೋ ಡ್ಯಾಮೇಜಿನ ಅರ್ಧಕ್ಕಿಂತ ಜಾಸ್ತಿ ಯಾವತ್ತೂ ವಾಪಸ್ ಬರ್ಬಾರ್ದು, ಪಕ್ಕದಲ್ಲಿ ಹೀಲರ್ ಇದ್ರೂ ಕೂಡ. ಅಲ್ಲಿ ಕಳ್ಕೊಂಡ ಶಕ್ತಿಯನ್ನ ಕೂಲ್‌ಡೌನ್ ರೂಪದಲ್ಲಿ, ಅಂದ್ರೆ ಒಮ್ಮೆ ಬಳಸಿದ್ರೆ ಮತ್ತೆ ಸಿಗೋಕೆ ಸ್ವಲ್ಪ ಹೊತ್ತು ಕಾಯ್ಬೇಕಾದ ಸ್ಕಿಲ್ ಆಗಿ, ವಾಪಸ್ ಕೊಡಿ. ಆರು ಸೆಕೆಂಡ್ ಅವನು ನಿಜವಾಗ್ಲೂ ಗಟ್ಟಿ, ಆಮೇಲೆ ಇಪ್ಪತ್ತು ಸೆಕೆಂಡ್ ಸಾಧಾರಣ. ಎದುರಾಳಿಗೆ "ಈಗ ಬೇಡ, ಗುರಾಣಿ ಇಳಿದ ಮೇಲೆ ಹೊಡೆಯೋಣ" ಅಂತ ಪ್ಲ್ಯಾನ್ ಮಾಡೋಕೆ ಏನಾದ್ರೂ ಸಿಗ್ಬೇಕು, ಅದು ಸಿಕ್ಕಿದ್ರೆ ಟ್ಯಾಂಕ್ ಎಷ್ಟು ಗಟ್ಟಿ ಇದ್ರೂ ಜನ ಬೈಯಲ್ಲ. ಯಾವಾಗ ಹೊಡೆದ್ರೂ ಅಷ್ಟೇ, ಹೇಗೆ ಹೊಡೆದ್ರೂ ಅಷ್ಟೇ ಅನ್ನಿಸ್ದಾಗ್ಲೇ ಆಟ ಬಿಟ್ಟು ಹೋಗೋದು.

ಇನ್ನು ಎರಡನೇದು, ನನ್ನ ಪ್ರಕಾರ ಇದೇ ಮೂಲ ಕಾರಣ. ಬಾಸ್ ಫೈಟಲ್ಲಿ ಟ್ಯಾಂಕ್‌ಗೆ ಬೆಲೆ ಬರೋದು ಥ್ರೆಟ್‌ನಿಂದ, ಅಂದ್ರೆ ಬಾಸ್‌ಗೆ ಯಾರ ಮೇಲೆ ಎಷ್ಟು ಸಿಟ್ಟು ಅಂತ ಆಟ ಇಡೋ ಲೆಕ್ಕದಿಂದ. ಬಾಸ್‌ಗೆ ಯಾರನ್ನ ಹೊಡೀಬೇಕು ಅನ್ನೋ ಆಯ್ಕೆನೇ ಇಲ್ಲ, ಯಾರ ಥ್ರೆಟ್ ಜಾಸ್ತಿಯೋ ಅವರ ಹಿಂದೆ ಹೋಗತ್ತೆ, ಟಾಂಟ್ (ಕೆಣಕಿ ತನ್ನ ಕಡೆ ಎಳ್ಕೊಳ್ಳೋ ಸ್ಕಿಲ್) ಹಾಕಿದ್ರೆ ಮುಗೀತು. ಮನುಷ್ಯ ಎದುರಾಳಿ ಹಾಗಲ್ವಲ್ಲ, ಅವನು ಸ್ಕ್ರೀನ್ ನೋಡಿ ಕವಚ ಇಲ್ದೆ ಬರೀ ಬಟ್ಟೆ ತೊಟ್ಟಿರೋ ಹೀಲರ್ ಎಲ್ಲಿದಾನೆ ಅಂತ ಹುಡುಕ್ತಾನೆ, ಟ್ಯಾಂಕನ್ನ ದಾಟ್ಕೊಂಡು ಹೋಗ್ತಾನೆ. ಅಲ್ಲಿಗೆ ಟ್ಯಾಂಕ್‌ನ ಕೆಲಸನೇ ಹೋಯ್ತು. ಕೆಲಸ ಹೋದವನಿಗೆ ಬೇರೆ ಏನಾದ್ರೂ ಕೊಡೋಣ ಅಂತ ಡಿಸೈನರ್‌ಗಳು ಒಂದೋ ಡ್ಯಾಮೇಜ್ ಕೊಡ್ತಾರೆ, ಆಗ ಎರಡು ಪಟ್ಟು ಬದುಕೋ ಡಿಪಿಎಸ್ (ಡ್ಯಾಮೇಜ್ ಕೊಡೋದೇ ಕೆಲಸ ಆಗಿರೋನು) ಆಗ್ತಾನೆ, ಇಲ್ಲಾ ಸೆಲ್ಫ್ ಹೀಲ್ ಕೊಡ್ತಾರೆ, ಆಗ ಮೇಲಿನ ಲೆಕ್ಕಕ್ಕೆ ಬೀಳ್ತಾನೆ. ನೀವು ಎರಡನ್ನೂ ಮಾಡಿ ನೋಡಿದೀರಿ. ಅವನಿಗೆ ವಾಪಸ್ ಕೊಡ್ಬೇಕಾಗಿರೋದು ಅವನ ಹಳೇ ಕೆಲಸವನ್ನೇ, ಇನ್ನೊಬ್ಬರನ್ನ ಕಾಯೋದನ್ನ, ಆದ್ರೆ ಮನುಷ್ಯರ ಮೇಲೆ ನಡೆಯೋ ರೂಪದಲ್ಲಿ.

ಇದನ್ನ ಬೇರೆ ಆಟಗಳು ಹೇಗೆ ಮಾಡಿದಾವೆ ನೋಡಿ. 2008ರಲ್ಲಿ ಬಂದ ವಾರ್‌ಹ್ಯಾಮರ್ ಆನ್‌ಲೈನ್‌ನಲ್ಲಿ ಎದುರು ಪಕ್ಷದವರ ಮೈಯೊಳಗೆ ತೂರ್ಕೊಂಡು ಹೋಗೋಕೆ ಆಗ್ತಿರ್ಲಿಲ್ಲ, ಟ್ಯಾಂಕ್ ಬಾಗಿಲಲ್ಲಿ ನಿಂತ್ರೆ ಅದು ನಿಜವಾದ ಅಡ್ಡ. ಜೊತೆಗೆ ಗಾರ್ಡ್ ಅಂತ ಸ್ಕಿಲ್, ಕಾಯ್ತಾ ಇರೋ ಗೆಳೆಯನಿಗೆ ಬೀಳೋ ಡ್ಯಾಮೇಜಲ್ಲಿ ಪಾಲು ಟ್ಯಾಂಕ್‌ಗೆ. 2011ರ ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್‌ನಲ್ಲೂ ಗಾರ್ಡ್ ಇದೆ, 15 ಮೀಟರ್ ಒಳಗಿದ್ರೆ ಗೆಳೆಯನಿಗೆ ಶತ್ರು ಆಟಗಾರರು ಕೊಡೋ ಡ್ಯಾಮೇಜಲ್ಲಿ ಅರ್ಧ ಟ್ಯಾಂಕ್ ಮೇಲೆ ಬೀಳತ್ತೆ, ಮತ್ತೆ ಟಾಂಟ್ ಹಾಕಿಸ್ಕೊಂಡ ಎದುರಾಳಿ ಆರು ಸೆಕೆಂಡ್ ಕಾಲ ಬೇರೆ ಯಾರನ್ನ ಹೊಡೆದ್ರೂ 30% ಕಮ್ಮಿ ಡ್ಯಾಮೇಜ್. ಇದು ನಂಗೆ ತುಂಬಾ ಇಷ್ಟವಾದ ಪರಿಹಾರ, ಯಾಕಂದ್ರೆ ಎದುರಾಳಿಯ ಮೌಸನ್ನ ಕಿತ್ಕೊಳ್ಳಲ್ಲ, ಅವನ ಆಯ್ಕೆ ಅವನದ್ದೇ, ಬೆಲೆ ಮಾತ್ರ ಜಾಸ್ತಿ. ಬಲವಂತವಾಗಿ ಟಾರ್ಗೆಟ್ ಬದಲಾಯಿಸೋ ಟಾಂಟ್ ಮಾಡ್ಬೇಡಿ ಅಂತ ಕೈ ಮುಗಿದು ಕೇಳ್ತೀನಿ, ಆಡೋರಿಗೆ ಅದರಷ್ಟು ಕಿರಿಕಿರಿ ಇನ್ನೊಂದಿಲ್ಲ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2016ರ ಲೀಜನ್‌ನಲ್ಲಿ ಇನ್ನೊಂದು ದಾರಿ ಹಿಡೀತು, ಟ್ಯಾಂಕ್‌ಗಳ ಟಾಂಟ್ ಬದಲಿಗೆ ಒಂದು ಪಿವಿಪಿ ಟ್ಯಾಲೆಂಟ್, ಅದನ್ನ ಯಾರ ಮೇಲೆ ಹಾಕ್ತೀರೋ ಅವರಿಗೆ ಡ್ಯಾಮೇಜ್ 3% ಜಾಸ್ತಿ, ಬೇರೆಬೇರೆ ಆಟಗಾರರು ಅವನನ್ನ ಹೊಡೆದಷ್ಟೂ ಇನ್ನೂ 3% ಸೇರ್ತಾ ಐದು ಸಲದ ತನಕ ಏರತ್ತೆ. ಇದು ದೊಡ್ಡ ಬ್ಯಾಟಲ್‌ಗ್ರೌಂಡ್‌ಗೆ ಚೆನ್ನಾಗಿ ಒಗ್ಗತ್ತೆ, ಮೂರು ಜನರ ಟೀಮಲ್ಲಿ ಅಷ್ಟಾಗಿ ಏರೋಕೆ ಜನನೇ ಇರಲ್ಲ. ಫೈನಲ್ ಫ್ಯಾಂಟಸಿ 14 ಏಪ್ರಿಲ್ 2022ರಲ್ಲಿ ಪಿವಿಪಿಯನ್ನ ಪೂರ್ತಿ ಹೊಸದಾಗಿ ಕಟ್ಟಿದಾಗ ಪ್ಯಾಲಡಿನ್‌ಗೆ ಗಾರ್ಡಿಯನ್ ಅಂತ ಒಂದು ಸ್ಕಿಲ್ ಕೊಡ್ತು, ಗೆಳೆಯನ ಪಕ್ಕಕ್ಕೆ ಹಾರಿ ಹೋಗಿ ನಿಂತ್ರೆ ಸ್ವಲ್ಪ ಹೊತ್ತು ಅವನಿಗೆ ಬರೋ ಹೊಡೆತ ಎಲ್ಲಾ ಇವನಿಗೆ, ಆದ್ರೆ ಹತ್ತಿರದಲ್ಲೇ ಇರ್ಬೇಕು.

ಹತ್ತಿರದಲ್ಲೇ ಇರ್ಬೇಕು ಅನ್ನೋದನ್ನ ಗಮನಿಸಿ. 15 ಮೀಟರ್ ಅಂತ ಮಿತಿ ಇಟ್ಟಿರೋದ್ರಿಂದಲೇ ಎದುರಾಳಿಗೆ ಮಾಡೋಕೆ ಕೆಲಸ ಸಿಗೋದು. ಒಬ್ಬನನ್ನ ಎಳ್ಕೊಂಡು ಹೋಗು, ಟ್ಯಾಂಕನ್ನ ದೂರ ತಳ್ಳು, ಅವನ ಕಾಲು ಕಟ್ಟು, ಆ ಸಂದಿಯಲ್ಲಿ ಕೊಲ್ಲು. ಇಬ್ಬರನ್ನ ಬೇರೆ ಮಾಡೋದೇ ಒಂದು ಆಟ ಆಗತ್ತೆ, ಕಾಯೋನಿಗೂ ಜಾಗ ನೋಡ್ಕೊಂಡು ನಿಲ್ಲೋದೇ ಚಾಕಚಕ್ಯತೆ ಆಗತ್ತೆ. ನಿಮ್ಮ ಗುರಾಣಿ ಸ್ಪೆಕ್‌ಗೆ ಇದನ್ನೇ ಹಾಕಿ, ಅರ್ಧದ ಬದಲು 30% ಪಾಲಿಂದ ಶುರು ಮಾಡಿ, ದೂರ 10 ಮೀಟರ್ ಇಡಿ. ಪಾಲಾಗಿ ಬಂದ ಡ್ಯಾಮೇಜ್‌ಗೆ ಟ್ಯಾಂಕ್‌ನ 40% ರಕ್ಷಣೆ ಮತ್ತೆ ಅನ್ವಯ ಆಗ್ಬೇಕಾ ಬೇಡ್ವಾ ಅನ್ನೋದನ್ನ ಕೋಡ್ ಬರೆಯೋ ಮೊದಲೇ ಕೂತು ನಿರ್ಧಾರ ಮಾಡಿ. ಅನ್ವಯ ಆದ್ರೆ ಗಾರ್ಡ್ ಹಾಕಿದ ಕ್ಷಣವೇ ಇಡೀ ಟೀಮಿಗೆ ಬೀಳೋ ಒಟ್ಟು ಡ್ಯಾಮೇಜ್ ಸದ್ದಿಲ್ದೆ ಇಳಿದುಬಿಡತ್ತೆ. ಆಗಬಾರ್ದು ಅನ್ನೋದು ನನ್ನ ಸಲಹೆ.

ಈಗ ಡ್ಯಾಮೇಜ್ ವಿಷಯ. ಟ್ಯಾಂಕ್ ಹೊಡೆತ ಪೂರ್ತಿ ಸಪ್ಪೆ ಇದ್ರೆ ಆಡೋಕೆ ಬೇಜಾರು, ಅದು ನಿಜ. ಆದ್ರೆ ಯಾವಾಗ ಹೊಡೀಬಹುದು ಅನ್ನೋದಕ್ಕೆ ಷರತ್ತು ಹಾಕಿ. ವಾರ್‌ಕ್ರಾಫ್ಟ್‌ನ 2010ರ ಕ್ಯಾಟಕ್ಲಿಸಮ್‌ನಲ್ಲಿ ವೆಂಜನ್ಸ್ ಅಂತ ಬಂತು, ಟ್ಯಾಂಕ್ ಎಷ್ಟು ಏಟು ತಿಂತಾನೋ ಅಷ್ಟು ಅಟ್ಯಾಕ್ ಪವರ್ ಏರತ್ತೆ. ಬಾಸ್ ಮುಂದೆ ಸರಿ, ಥ್ರೆಟ್ ಹಿಡಿದಿಡೋಕೆ ಬೇಕಾಗಿತ್ತು. 2014ರ ವಾರ್‌ಲಾರ್ಡ್ಸ್ ಆಫ್ ಡ್ರೇನಾರ್‌ನಲ್ಲಿ ಅದರ ಜಾಗಕ್ಕೆ ರಿಸಾಲ್ವ್ ಬಂತು, ಅದ್ರಲ್ಲಿ ಏಟು ತಿಂದಷ್ಟೂ ಏರೋದು ತನ್ನ ಹೀಲಿಂಗ್ ಮತ್ತೆ ಶೀಲ್ಡ್, ಡ್ಯಾಮೇಜ್ ಅಲ್ಲ. ಮನುಷ್ಯರ ಮುಂದೆ ಇಂಥ ನಿಯಮ ಇಟ್ರೆ ಏನಾಗತ್ತೆ ಯೋಚಿಸಿ, ಟ್ಯಾಂಕನ್ನ ಹೊಡೆದ್ರೆ ಅವನಿಗೆ ಲಾಭ, ಬಿಟ್ರೆ ಅವನು ಏನೂ ಅಲ್ಲ, ಅಂದ್ರೆ ಬಿಟ್ಟು ಹೋಗೋದೇ ಯಾವಾಗ್ಲೂ ಸರಿಯಾದ ಉತ್ತರ. ಪಿವಿಪಿಯಲ್ಲಿ ಇದನ್ನ ತಲೆಕೆಳಗು ಮಾಡಿ. ಟ್ಯಾಂಕ್ ಕಾಯ್ತಾ ಇರೋ ಗೆಳೆಯನಿಗೆ ಏಟು ಬಿದ್ರೆ ಟ್ಯಾಂಕ್‌ನ ಮುಂದಿನ ಒಂದು ಹೊಡೆತ ಜೋರಾಗ್ಲಿ, ಅದೂ ಗೆಳೆಯನನ್ನ ಹೊಡೆದವನ ಮೇಲೆ ಮಾತ್ರ. ಅವನನ್ನ ಕಡೆಗಣಿಸಿದವರಿಗೆ ಪೆಟ್ಟು, ಎದುರು ನಿಂತವರಿಗೆ ಸಾಧಾರಣ ಟ್ಯಾಂಕ್. ನೀವು ಕಂಡ ಎಲ್ಲರೂ ಟ್ಯಾಂಕೇ ಆಗೋ ಸಮಸ್ಯೆ ಇದ್ರಲ್ಲಿ ಬರಲ್ಲ, ಯಾಕಂದ್ರೆ ಒಬ್ಬನೇ ಸುತ್ತಾಡಿ ಕೊಲ್ಲೋಕೆ ಈ ಡ್ಯಾಮೇಜ್ ಉಪಯೋಗಕ್ಕೆ ಬರೋದಿಲ್ಲ, ಇಬ್ಬರು ಟ್ಯಾಂಕ್ ಒಬ್ಬರನ್ನೊಬ್ಬರು ಕಾಯ್ಕೊಳ್ಳೋದನ್ನ ಮಾತ್ರ ಕೋಡಲ್ಲೇ ತಡೀರಿ.

ಮೂರು ಸ್ಪೆಕ್‌ಗೂ ಒಂದೇ ನರ್ಫ್ (ಶಕ್ತಿ ಕಡಿತ) ಹಾಕೋಕೆ ಹೋಗ್ಬೇಡಿ. ಟ್ಯಾಂಕ್‌ಗಳು ಆಟಗಾರರಿಂದ ಇಷ್ಟು ಪರ್ಸೆಂಟ್ ಜಾಸ್ತಿ ಡ್ಯಾಮೇಜ್ ತಗೊಳ್ತಾರೆ ಅಂತ ಒಂದೇ ಸಾಲಿನ ನಿಯಮ ಬರೆಯೋದು ಸುಲಭ, ವಾರ್‌ಕ್ರಾಫ್ಟ್ ಕೂಡ ಅದನ್ನ ಬಳಸಿದೆ, ಆದ್ರೆ ಸಾಯದೇ ಇರೋನು ಒಬ್ಬ, ಶಿಕ್ಷೆ ಮೂವರಿಗೂ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಪ್ರತಿ ಸ್ಪೆಕ್ ಸಾಯೋ ರೀತಿನೇ ಬೇರೆ.

ಗುರಾಣಿ ಸ್ಪೆಕ್‌ನ ತೊಂದರೆ ಏನಂದ್ರೆ ಆರ್ಮರ್, ಬ್ಲಾಕ್ ಇವೆಲ್ಲ ಸಾಮಾನ್ಯವಾಗಿ ಕತ್ತಿ ಬಾಣದ ಏಟಿಗೆ ಮಾತ್ರ ಕೆಲಸ ಮಾಡೋದು, ಮಂತ್ರಕ್ಕೆ ಅಲ್ಲ. ಎದುರು ಇಬ್ಬರು ಕತ್ತಿಯವರು ಬಂದ್ರೆ ಗೋಡೆ, ಇಬ್ಬರು ಮಂತ್ರದವರು ಬಂದ್ರೆ ಕಾಗದ. ಆಟ ಶುರುವಾಗೋ ಮುಂಚೆನೇ, ಯಾರು ಎದುರು ಬಂದ್ರು ಅನ್ನೋದ್ರಲ್ಲೇ ಫಲಿತಾಂಶ ನಿರ್ಧಾರ ಆಗ್ಬಿಡತ್ತೆ. ಓಲ್ಡ್ ರಿಪಬ್ಲಿಕ್‌ನಲ್ಲಿ ಟ್ಯಾಂಕ್ ಗೇರಿನ (ತೊಡೋ ಕವಚ, ಆಯುಧಗಳ) ಡಿಫೆನ್ಸ್, ಶೀಲ್ಡ್ ಅಂಕಗಳು ಬಹಳಷ್ಟು ಅಟ್ಯಾಕ್‌ಗೆ ಲೆಕ್ಕಕ್ಕೇ ಬರ್ತಿರ್ಲಿಲ್ಲ ಅಂತ ಜನ ಟ್ಯಾಂಕ್ ಸ್ಪೆಕ್ ತಗೊಂಡು ಮೈಮೇಲೆ ಡಿಪಿಎಸ್ ಗೇರ್ ಹಾಕ್ಕೊಂಡು ಬರೋರು. ಹಾಗಾಗಿ ಪಿವಿಪಿಯಲ್ಲಿ ಬ್ಲಾಕ್‌ನ ಒಂದು ಭಾಗ ಮಂತ್ರಕ್ಕೂ ಕೆಲಸ ಮಾಡ್ಲಿ, ಕತ್ತಿಗೆ ಸಿಗೋ ರಕ್ಷಣೆ ಅಷ್ಟೇ ಕಮ್ಮಿ ಆಗ್ಲಿ.

ಸೆಲ್ಫ್ ಹೀಲ್ ಸ್ಪೆಕ್ ಬಗ್ಗೆ ಜಾಸ್ತಿ ಹೇಳ್ಬೇಕು, ನಿಮಗೆ ತಲೆನೋವು ಕೊಡ್ತಾ ಇರೋದು ಇದೇ ಅನ್ಸತ್ತೆ. ಇದಕ್ಕೆ ನೋಡಿ ಕಲೀಬೇಕಾದ ಡಿಸೈನ್ ವಾರ್‌ಕ್ರಾಫ್ಟ್‌ನ ಬ್ಲಡ್ ಡೆತ್ ನೈಟ್. ಅದರ ಡೆತ್ ಸ್ಟ್ರೈಕ್, ಹಿಂದಿನ 5 ಸೆಕೆಂಡಲ್ಲಿ ತಿಂದ ಡ್ಯಾಮೇಜಿನ ಒಂದು ಪಾಲನ್ನ ವಾಪಸ್ ಹೀಲ್ ಮಾಡತ್ತೆ. ಮೇಲ್ನೋಟಕ್ಕೆ ಭಯ ಆಗತ್ತೆ, ಜೋರಾಗಿ ಹೊಡೆದಷ್ಟೂ ಜೋರಾಗಿ ಹೀಲ್ ಆಗ್ತಾನಲ್ಲ ಅಂತ. ಆದ್ರೆ ಆ 5 ಸೆಕೆಂಡಲ್ಲೇ ಅವನನ್ನ ಕೊಲ್ಲೋ ದಾರಿ ಇದೆ. ಇಬ್ಬರೂ ಸೇರಿ ಬರ್ಸ್ಟ್ (ಒಮ್ಮೆಲೇ ಜೋರು ಡ್ಯಾಮೇಜ್) ಹಾಕಿ, ತಕ್ಷಣ ಸ್ಟನ್ ಮಾಡಿ (ಏನೂ ಮಾಡೋಕೆ ಆಗದ ಹಾಗೆ ನಿಲ್ಲಿಸಿ), ಅವನು ಎದ್ದು ಕತ್ತಿ ಬೀಸೋ ಹೊತ್ತಿಗೆ ಆ ದೊಡ್ಡ ಏಟುಗಳು ಲೆಕ್ಕದಿಂದ ಜಾರಿ ಹೋಗಿರತ್ತೆ, ಹೀಲ್ ಚಿಕ್ಕದಾಗತ್ತೆ. ಅಥವಾ ಅವನನ್ನ ದೂರ ಇಡಿ, ಹೊಡೆಯೋಕೆ ಯಾರೂ ಸಿಗದೆ ಇದ್ರೆ ಹೀಲೂ ಇಲ್ಲ. ನಿಮ್ಮ ಸ್ಪೆಕ್‌ನ ಹೀಲಿಂಗ್ ಸೆಕೆಂಡಿಗಿಷ್ಟು ಅಂತ ಸುಮ್ನೆ ಹರೀತಾ ಇದ್ರೆ ಮೊದಲು ಅದನ್ನ ಹೀಗೆ ಹೊಡೆತಕ್ಕೆ ಕಟ್ಟಿ, ಪಿವಿಪಿಯಲ್ಲಿ ಸಮಯ 5ರ ಬದಲು 3 ಸೆಕೆಂಡ್ ಮಾಡೋ ಅವಕಾಶ ಇಟ್ಕೊಳ್ಳಿ. ಪರ್ಸೆಂಟ್ ಕಮ್ಮಿ ಮಾಡೋದಕ್ಕಿಂತ ಸಮಯ ಕಮ್ಮಿ ಮಾಡೋದು ಒಳ್ಳೇ ನರ್ಫ್, ಯಾಕಂದ್ರೆ ಚೆನ್ನಾಗಿ ಆಡೋನಿಗೆ ಅದು ಅಷ್ಟು ನೋಯಲ್ಲ, ಎದುರಾಳಿಯ ಜಾಣತನಕ್ಕೂ ಬೆಲೆ ಬರತ್ತೆ.

ತಡವಾಗಿ ತಗೊಳ್ಳೋ ಸ್ಪೆಕ್, ವಾರ್‌ಕ್ರಾಫ್ಟ್‌ನ ಬ್ರೂಮಾಸ್ಟರ್ ಮಾಂಕ್ ಥರದ್ದು, ಬರ್ಸ್ಟನ್ನ ನುಂಗ್ಬಿಡತ್ತೆ. ಎದುರಾಳಿ ತನ್ನ ಎಲ್ಲಾ ಕೂಲ್‌ಡೌನ್ ಹಾಕಿದ್ರೂ ಎಚ್‌ಪಿ ಬಾರ್ ಅಲ್ಲಾಡಲ್ಲ, ಅವನಿಗೆ ಏನೂ ಆಗ್ಲೇ ಇಲ್ಲ ಅನ್ಸತ್ತೆ. ಇಲ್ಲಿ ನಂಬರ್ ಮುಟ್ಟೋ ಮೊದಲು ಒಂದು ಕೆಲಸ ಮಾಡಿ, ಬಾಕಿ ಇರೋ ಡ್ಯಾಮೇಜನ್ನ ಎಚ್‌ಪಿ ಬಾರ್ ಮೇಲೆ ಬೇರೆ ಬಣ್ಣದಲ್ಲಿ ಎದುರಾಳಿಗೂ ಕಾಣೋ ಹಾಗೆ ತೋರಿಸಿ. ಬಾಕಿ ತುಂಬಿದಾಗ ಸ್ಟನ್ ಹಾಕಿದ್ರೆ ಅದನ್ನ ತೊಳ್ಕೊಳ್ಳೋಕೆ ಅವನಿಂದ ಆಗಲ್ಲ ಅನ್ನೋದು ಆಗ ಜನಕ್ಕೆ ತಾನೇ ಹೊಳಿಯತ್ತೆ, ಅರ್ಧ ಕಂಪ್ಲೇಂಟ್ ಅಲ್ಲೇ ನಿಲ್ಲತ್ತೆ.

ಸ್ಟನ್ ಬಗ್ಗೆ ಒಂದೆರಡು ಮಾತು. ಬಾಸ್ ಫೈಟಿಗೆ ಅಂತ ಕೊಟ್ಟ ಉದ್ದುದ್ದ ಸ್ಟನ್‌ಗಳು ಟ್ಯಾಂಕ್ ಕೈಯಲ್ಲಿ ಹಾಗೇ ಇದ್ರೆ ಅರೀನಾದಲ್ಲಿ ಅವನೇ ರಾಜ, ಸಾಯೋದೂ ಇಲ್ಲ, ಬೇರೆಯವರನ್ನ ಆಡೋಕೂ ಬಿಡಲ್ಲ. ಡಿಮಿನಿಶಿಂಗ್ ರಿಟರ್ನ್ಸ್ ಖಂಡಿತ ಬೇಕು, ಅದೇ ಥರದ ಸ್ಟನ್ ಮತ್ತೆ ಬಿದ್ರೆ ಅರ್ಧ, ಆಮೇಲೆ ಕಾಲು, ಆಮೇಲೆ ಏನೂ ಇಲ್ಲ. ಅದ್ರ ಮೇಲೆ ಟ್ಯಾಂಕ್‌ಗೆ ಉದ್ದ ಸ್ಟನ್ ಬದಲು ತಳ್ಳೋದು, ಎಳೆಯೋದು, ಮಂತ್ರ ಮಧ್ಯದಲ್ಲಿ ಕಡಿಯೋದು ಇಂಥವನ್ನ ಕೊಡಿ. ಕಾಯೋ ಕೆಲಸಕ್ಕೆ ಅಷ್ಟು ಸಾಕು.

ಆಟದ ಮೋಡ್ ಬದಲಾದ್ರೆ ಟ್ಯಾಂಕ್ ಬೆಲೆನೂ ಬದಲಾಗತ್ತೆ, ಅದನ್ನ ಸ್ಪೆಕ್‌ನಲ್ಲಿ ಸರಿ ಮಾಡೋಕೆ ಹೋದ್ರೆ ಇನ್ನೊಂದು ಕಡೆ ಕೆಡತ್ತೆ. ಬಾವುಟ ಹೊತ್ತು ಓಡೋ ಮೋಡಲ್ಲಿ ಟ್ಯಾಂಕೇ ಬಾವುಟ ಹೊರ್ತಾನೆ, ವಾರ್‌ಕ್ರಾಫ್ಟ್ ಅಲ್ಲಿ ಮಾಡಿರೋದು ಏನಂದ್ರೆ ಬಾವುಟ ಹೊತ್ತವರಿಗೆ ಹೊತ್ತು ಕಳೆದ ಹಾಗೆ ಬೀಳೋ ಡ್ಯಾಮೇಜ್ ಏರ್ತಾ ಹೋಗತ್ತೆ, ಅದು ಬಾವುಟಕ್ಕೆ ಅಂಟಿದ ನಿಯಮ, ಕ್ಲಾಸಿಗೆ ಅಲ್ಲ. ಜಾಗ ಹಿಡಿಯೋ ಮೋಡಲ್ಲಿ ಬಂಕರ್ ಸಮಸ್ಯೆ, ಐದೈದು ಜನರ ಪಂದ್ಯದಲ್ಲಿ ಒಬ್ಬ ಟ್ಯಾಂಕ್ ವೃತ್ತದೊಳಗೆ ನಿಂತು ಇಬ್ಬರನ್ನ ತಡೆದ್ರೆ ಮಿಕ್ಕ ಕಡೆ ಅವನ ಟೀಮಿನವರು ನಾಲ್ವರು, ಎದುರು ಮೂವರು. ಗಿಲ್ಡ್ ವಾರ್ಸ್ 2 ಇದನ್ನ ಚೆನ್ನಾಗಿ ಅನುಭವಿಸಿದೆ, ಅಲ್ಲಿ ಪಿವಿಪಿಗೆ ಗೇರ್ ಲೆಕ್ಕಕ್ಕಿಲ್ಲ, ಎಲ್ಲರೂ ಒಂದು ಅಮ್ಯುಲೆಟ್ ಆರಿಸ್ಕೊಳ್ತಾರೆ, ಗಟ್ಟಿತನ ಜಾಸ್ತಿ ಕೊಡೋ ಹಲವು ಅಮ್ಯುಲೆಟ್‌ಗಳನ್ನ ಪಟ್ಟಿಯಿಂದಲೇ ತೆಗೆದುಹಾಕಿದ್ರು. ನೀವು ಇಟ್ಕೊಳ್ಬೇಕಾದ ಅಳತೆ ಇದು, ಇಬ್ಬರ ಮುಂದೆ ಟ್ಯಾಂಕ್ ಬದುಕೋ ಸಮಯ, ಅವನ ಗೆಳೆಯ ಪಕ್ಕದ ಜಾಗದಿಂದ ಓಡಿ ಬರೋ ಸಮಯಕ್ಕಿಂತ ಸ್ವಲ್ಪ ಜಾಸ್ತಿ ಇರ್ಲಿ, ಅಷ್ಟೇ. ಮೂವರ ಮುಂದೆ ಅದಕ್ಕಿಂತ ಕಮ್ಮಿ. ಒಬ್ಬನ ಮುಂದೆ ಎಷ್ಟು ಹೊತ್ತು ಬದುಕಿದ್ರೂ ಪರವಾಗಿಲ್ಲ, ಆದ್ರೆ ಟ್ಯಾಂಕ್‌ಗೂ ಆ ಒಬ್ಬನನ್ನ ಕೊಲ್ಲೋಕೆ ಆಗ್ಬಾರ್ದು. ಈ ಸೆಕೆಂಡುಗಳನ್ನ ಮೊದಲು ಬರ್ಕೊಂಡು ಆಮೇಲೆ ಎಚ್‌ಪಿ ಪರ್ಸೆಂಟ್‌ಗಳನ್ನ ಅದಕ್ಕೆ ತಕ್ಕ ಹಾಗೆ ಕೂರಿಸಿ.

ಪಂದ್ಯ ಮುಗೀದೇ ಎಳೆದಾಡೋದಕ್ಕೆ ವಾರ್‌ಕ್ರಾಫ್ಟ್ ಅರೀನಾದಲ್ಲಿ ಡ್ಯಾಂಪೆನಿಂಗ್ ಇದೆ, ಹೊತ್ತು ಹೋದಷ್ಟೂ ಎಲ್ಲರ ಹೀಲಿಂಗೂ ಕುಗ್ತಾ ಬರತ್ತೆ. ಹಾಕಿ, ಬೇಕೇ ಬೇಕು. ಆದ್ರೆ ಒಂದು ಮರೀಬೇಡಿ, ಇದು ಸೆಲ್ಫ್ ಹೀಲ್ ಸ್ಪೆಕ್‌ಗೆ ನೇರವಾಗಿ ತಾಗತ್ತೆ, ಗುರಾಣಿ ಸ್ಪೆಕ್‌ಗೆ ಅಷ್ಟಾಗಿ ತಾಗೋದೇ ಇಲ್ಲ, ಅವನ ಬ್ಲಾಕ್ ಹೀಲಿಂಗ್ ಅಲ್ವಲ್ಲ. ಪಂದ್ಯದ ಕೊನೆಗೆ ಗುರಾಣಿಯವನು ತಾನಾಗೇ ಮೇಲೆ ಬಂದುಬಿಡ್ತಾನೆ. ಹಾಗಾಗಿ ಅವನ ಬ್ಲಾಕ್ ಕೂಲ್‌ಡೌನ್ ಕೂಡ ಹೊತ್ತಿನ ಜೊತೆ ಸ್ವಲ್ಪ ಉದ್ದ ಆಗ್ತಾ ಹೋಗ್ಲಿ.

ಮತ್ತೆ ಇದೆಲ್ಲ ಮಾಡೋಕೆ ಪಿವಿಪಿ ನಂಬರ್‌ಗಳು ಪಿವಿಇ (ಬಾಸ್ ಫೈಟ್ ಥರ ಕಂಪ್ಯೂಟರ್ ಎದುರಿನ ಆಟ) ನಂಬರ್‌ಗಳಿಂದ ಬೇರೆ ಇರ್ಲೇಬೇಕು, ಪ್ರತಿ ಸ್ಕಿಲ್‌ಗೂ ಒಂದು ಪಿವಿಪಿ ಗುಣಕ ಇಟ್ಕೊಳ್ಳಿ, ಇಲ್ಲಾಂದ್ರೆ ಅರೀನಾ ಸರಿ ಮಾಡೋಕೆ ಹೋಗಿ ಬಾಸ್ ಫೈಟ್ ಕೆಡಿಸ್ತೀರಿ.

ಅಳೆಯೋ ವಿಷಯದಲ್ಲಿ ಅವಸರ ಬೇಡ. ನೂರು ಪಂದ್ಯದಲ್ಲಿ 56 ಗೆದ್ದ ಅಂತ ನರ್ಫ್ ಹಾಕ್ಬೇಡಿ, ಎರಡೂ ಕಡೆ ಪೂರ್ತಿ ಸಮ ಇದ್ರೂ ನೂರು ಪಂದ್ಯದಲ್ಲಿ 40ರಿಂದ 60 ಒಳಗೆ ಎಲ್ಲಾದ್ರೂ ಬರೋದು ಸಹಜ, ಸಾವಿರ ಪಂದ್ಯ ಆದ್ರೆ ಅದು ಹೆಚ್ಚು ಕಮ್ಮಿ ಮೂರು ಪರ್ಸೆಂಟ್ ಆಚೆ ಈಚೆಗೆ ಇಳಿಯತ್ತೆ. ಗೆಲುವಿಗಿಂತ ಮುಂಚೆ ನೋಡ್ಬೇಕಾದ್ದು ಟ್ಯಾಂಕ್ ಇರೋ ಪಂದ್ಯ ಎಷ್ಟು ಉದ್ದ ಹೋಗತ್ತೆ, ಮೊದಲು ಸತ್ತವನು ಯಾರು ಅನ್ನೋದು. ಟ್ಯಾಂಕ್ ಇರೋ ಟೀಮಲ್ಲಿ ಅವನು ಒಮ್ಮೆಯೂ ಮೊದಲು ಸಾಯಲ್ಲ ಅಂದ್ರೆ ಅವನನ್ನ ಯಾರೂ ಮುಟ್ತಾನೇ ಇಲ್ಲ ಅಂತ ಅರ್ಥ, ಗೆಲುವು 50% ಇದ್ರೂ ಆ ಸ್ಪೆಕ್ ಕೆಟ್ಟಿದೆ.

ಮುಂದಿನ ಪ್ಯಾಚಲ್ಲಿ ಎರಡೇ ಮಾಡಿ, ಸೆಲ್ಫ್ ಹೀಲನ್ನ ಹೊಡೆತಕ್ಕೆ ಕಟ್ಟಿ, ಗುರಾಣಿಗೆ ಗಾರ್ಡ್ ಕೊಡಿ, ಮೊದಲು ಕೊಟ್ಟಿದ್ದ ಡ್ಯಾಮೇಜ್ ಬಫ್ ಇನ್ನೂ ಇದ್ರೆ ಅದನ್ನ ಅದೇ ದಿನ ವಾಪಸ್ ತಗೊಳ್ಳಿ. ಮೂರನೇ ಸ್ಪೆಕ್‌ನ ನಂಬರ್ ಮುಟ್ಬೇಡಿ, ಬರೀ ಬಾಕಿ ಡ್ಯಾಮೇಜ್ ತೋರಿಸಿ. ಇಬ್ಬರಿಬ್ಬರ ರ್‍ಯಾಂಕ್ಡ್ ಅರೀನಾ ಇದ್ರೆ ಅದ್ರಲ್ಲಿ ಟ್ಯಾಂಕ್ ಜೊತೆ ಹೀಲರ್ ಬರೋ ಟೀಮಿಗೆ ಡ್ಯಾಂಪೆನಿಂಗ್ ಮೊದಲ ಸೆಕೆಂಡಿಂದಲೇ ಶುರು ಮಾಡಿ, ಆ ಜೋಡಿಯನ್ನ ಬೇರೆ ಯಾವ ನಂಬರಿಂದಲೂ ಹಿಡಿಯೋಕೆ ಆಗಲ್ಲ.